ಪಂಚಮಿಯ ದಿನ ಹೊಲಕ್ಕೆ ಹೋದವಳು

ಪಂಚಮಿಗೆ ಅಣ್ಣ ಕರೆಯಲು ಬರಲಿಲ್ಲವೆಂದು ಬಾಗಿಲಲ್ಲಿ ನಿಂತು ಕಣ್ಣೀರು ಹಾಕುವ ತಂಗಿಯರನ್ನು ನೀವು ಬೇಕಾದಷ್ಟು ಕಂಡಿದ್ದೀರಿ. ನಮ್ಮ ಕಡೆಯ ಬೀಸುವ ಹಾಡುಗಳಲ್ಲಿ ಅರ್ಧದಷ್ಟು ಅವರವೇ. ಆದರೆ ಅಣ್ಣ ಕರೆಯಲು ಬಂದಾಗ ಮಾಳಿಗೆಯ ಮೇಲೆ ಅಡಗಿ ಕುಳಿತ ತಂಗಿಯನ್ನು ಕಂಡಿದ್ದೀರಾ? ಇಲ್ಲವಾದರೆ ಈಗ ಕಾಣಿರಿ, ನಾನೇ ಅವಳು! ಕೆಳಗಿಳಿದು ಬಂದು 'ಬಾ ಅಣ್ಣಾ' ಎಂದು ಕರೆಯಬೇಕಿತ್ತು. ನನ್ನಿಂದ ಅಷ್ಟೂ ಆಗಲಿಲ್ಲ. ನಾನು ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವಳು. ಅಕ್ಷರದಲ್ಲಿ ತಪ್ಪಿದ್ದರೆ ನೀವೇ ತಿದ್ದಿಕೊಂಡು ಓದಿ. ನಡತೆಯಲ್ಲಿದ್ದ ತಪ್ಪನ್ನು ನಾನು ಹೇಳುತ್ತೇನೆ.

ಅದಕ್ಕೂ ಮೊದಲು ನಮ್ಮಣ್ಣ ಎಂಥವನು ಎಂಬುದನ್ನು ಹೇಳಬೇಕು. ಇಲ್ಲದಿದ್ದರೆ ನೀವು ನನ್ನನ್ನು ಈಗಲೇ ಬೈಯಲು ಶುರುಮಾಡುತ್ತೀರಿ. ಸ್ವಲ್ಪ ತಡೆಯಿರಿ, ಬೈಯಲು ಮುಂದೆ ಇನ್ನೂ ಒಳ್ಳೆಯ ಜಾಗವಿದೆ.

ಹನುಮಪ್ಪನ ನಂತರ ಲಂಕೆಗೆ ಹೋಗಿ ವಾಪಸು ಬಂದವನು, ನಮ್ಮ ಮುದ್ದೇಬಿಹಾಳ ತಾಲೂಕಿನ ಮಟ್ಟಿಗಾದರೂ, ನಮ್ಮಣ್ಣನೊಬ್ಬನೇ! ಹನುಮಪ್ಪ ಹಾರಿ ಹೋದ, ಇವನು ಹಡಗು ಹತ್ತಿ ಹೋದ. ಹನುಮಪ್ಪ ಬೆಂಕಿ ಹಚ್ಚಿ ಬಂದ, ಇವನು ಒಲೆ ಹಚ್ಚಿ ಬಂದ. ಇಬ್ಬರಿಗೂ ಇದ್ದ ಫರಕು ಅಷ್ಟೇ.

ಅವನು ಊರು ಬಿಟ್ಟಿದ್ದು ವಿಜಾಪುರದ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಕೆಲಸಕ್ಕೆ. ಅಲ್ಲಿಂದ ಮುಂಬೈಗೆ ಹೋದ. ಮುಂಬೈಯಲ್ಲಿ ಯಾರೋ ಸ್ವಾಮಿಗಳು ಇವನ ಕೈಯೂಟ ಉಂಡು ಮೆಚ್ಚಿ, ಸಿಂಹಳದ ಹತ್ತಿರ ತಾವು ನಡೆಸುತ್ತಿದ್ದ ಯೋಗಾಶ್ರಮಕ್ಕೆ ಅಡಿಗೆಯವನನ್ನಾಗಿ ಕರೆದುಕೊಂಡು ಹೋದರಂತೆ. ಸುತ್ತಲೂ ಸಮುದ್ರ, ನಡುವೆ ಒಂದು ಹಿಡಿ ನೆಲ, ಆ ನೆಲದ ತುಂಬ ತೆಂಗಿನ ಗಿಡ. ಬಿಳಿಯ ಜನ ದೂರದೂರದ ದೇಶಗಳಿಂದ ಬಂದು ಅಲ್ಲಿ ತಿಂಗಳುಗಟ್ಟಲೆ ಯೋಗ ಮಾಡುತ್ತಿದ್ದರಂತೆ. ಇದು ಎಪ್ಪತ್ತರ ದಶಕದ ಮಾತು. ನಮ್ಮ ಊರಲ್ಲಿ ಆಗ ರೇಡಿಯೋ ಇದ್ದವರೇ ದೊಡ್ಡವರು. ಸಮುದ್ರವನ್ನಂತೂ ಯಾರೂ ಕಂಡಿರಲಿಲ್ಲ.

ಇತ್ತ ಅಪ್ಪ ಮೊದಲೇ ತೀರಿಹೋಗಿದ್ದ. ಅವ್ವ ನನ್ನನ್ನು ಬಾಗೇವಾಡಿ ತಾಲೂಕಿನ ಮಸೂತಿಗೆ ಕೊಟ್ಟು ಮದುವೆ ಮಾಡಿ, ತನ್ನ ಕೆಲಸ ಮುಗಿಯಿತು ಎನ್ನುವಂತೆ ಮರುವರ್ಷ ತಾನೂ ಹೋದಳು. ಅವ್ವನ ಸುದ್ದಿ ಸಮುದ್ರ ದಾಟಿ ಅಣ್ಣನಿಗೆ ಮುಟ್ಟುವ ಹೊತ್ತಿಗೆ ಅವಳ ದಿನಕರ್ಮವೂ ಮುಗಿದಿತ್ತು. ಅಣ್ಣ ಬಂದ. ಎದೆಯ ತನಕ ಗಡ್ಡ, ಮೊಣಕಾಲಿನ ತನಕ ಜೋಲಾಡುವ ಒಂದು ಚಣ್ಣ, ಬಗಲಲ್ಲಿ ಸುತ್ತಿದ ಚಾಪೆ. ಅವ್ವನನ್ನು ಮಣ್ಣು ಮಾಡಿದ ಜಾಗಕ್ಕೆ ಹೋಗಿ ಬಹಳ ಹೊತ್ತು ಕುಳಿತ. ಅಲ್ಲಿಂದ ನೇರವಾಗಿ ಊರ ಕಟ್ಟೆಗೆ ಬಂದು, ಚಾಪೆ ಬಿಚ್ಚಿ, ಎಲ್ಲರೂ ನೋಡುತ್ತಿದ್ದಂತೆ ತಲೆ ಕೆಳಗೆ ಮಾಡಿ ನಿಂತ!

ಕಟ್ಟೆಯ ಮೇಲಿದ್ದ ನಮ್ಮ ದೊಡ್ಡ ಕಾಕಾ ಎಲೆ ಅಡಿಕೆ ಉಗುಳುವುದನ್ನೂ ಮರೆತ.

"ಏನಲೇ, ಲಂಕಾಕ್ಕ ಹೋಗಿದ್ಯಂತ? ರಾವಣನ ಕಂಡ್ಯೇನು?"

"ರಾವಣ ಇಲ್ಲ ಕಾಕಾ," ಎಂದ ಅಣ್ಣ, ಕೆಳಗಿನಿಂದಲೇ. "ಬಿಳೀ ಮಂದಿ ಅದಾರ. ಮುಂಜಾನೆದ್ದು ಹಿಂಗ ನಿಂದರ್ತಾರ."

"ಯಾಕ, ಅವರಿಗಿ ಹೊಲಾ ಮನಿ ಇಲ್ಲೇನ?"

"ಎಲ್ಲಾ ಅದಾವು. ಖರೇ ಮನಸ್ಸಿಗಿ ಸಮಾಧಾನ ಇಲ್ಲ."

ಕಾಕಾ ಈಗ ನೆನಪಾಗಿ ಎಲೆ ಅಡಿಕೆ ಉಗುಳಿದ. "ಎಲ್ಲಾ ಇದ್ದು ಸಮಾಧಾನ ಇಲ್ಲಂದ್ರ, ತಲಿ ಮೊದಲ ಕೆಳಗೈತಿ. ಮತ್ಯಾಕ ಕೆಳಗ ಮಾಡ್ತಾರ?"

ಅಂದಿನಿಂದ ನಮ್ಮಣ್ಣನ ಹೆಸರು ಊರಲ್ಲಿ ಯಾರ ಬಾಯಲ್ಲೂ ಉಳಿಯಲಿಲ್ಲ. ಎಲ್ಲರಿಗೂ ಅವನು 'ಲಂಕ್ಯಾ' ಆದ.

ಅವನು ಯೋಗ ಕಲಿತದ್ದು ಹೇಗೆ ಅಂತೀರಿ? ಅದೊಂದು ದೊಡ್ಡ ಕಥೆ. ಅಡಿಗೆಯವನನ್ನು ಯಾರಾದರೂ ಪಾಠಕ್ಕೆ ಕೂಡಿಸಿಕೊಳ್ಳುತ್ತಾರೆಯೇ? ಇವನು ಅಡಿಗೆಮನೆಯಲ್ಲಿ ಬೇಳೆ ತಿರುವುತ್ತ ಕಿಟಕಿಯಿಂದ ನೋಡಿ ಕಲಿತ. ಆ ಕಿಟಕಿಯೋ, ಸ್ವಾಮಿಗಳು ಕೂಡುವ ಜಗಲಿಯ ಹಿಂದುಗಡೆ ಇತ್ತು! ಹೀಗಾಗಿ ನಮ್ಮಣ್ಣನಿಗೆ ಗೊತ್ತಿದ್ದದ್ದು ಆಸನಗಳ ಬೆನ್ನು ಮಾತ್ರ. ಗುರುವಿನ ಕೈ ಮುಂದೆ ಎಲ್ಲಿರುತ್ತಿತ್ತು, ಕಣ್ಣು ಮುಚ್ಚಿತ್ತೋ ತೆರೆದಿತ್ತೋ, ದೇವರಿಗೇ ಗೊತ್ತು. ಮುಂದೆ ತಾನೇ ಗುರುವಾದಾಗಲೂ ಅಣ್ಣ ಶಿಷ್ಯರಿಗೆ ಬೆನ್ನು ಮಾಡಿಯೇ ಕೂಡುತ್ತಿದ್ದ. ಗುರು ಎಂದರೆ ಹಾಗೇ ಇರಬೇಕೆಂದು ಅವನು ತಿಳಿದಿದ್ದ. ಮುಂದಿನಿಂದ ಮಾಡುವುದು ಬಂದರೆ ತಾನೇ ತೋರಿಸುವುದು!

ಇನ್ನು ಆಸನಗಳ ಹೆಸರು. ಸ್ವಾಮಿಗಳು ಹೇಳುತ್ತಿದ್ದದ್ದು ಸಂಸ್ಕೃತದಲ್ಲಿ, ಬಿಳಿಯರಿಗೆ ಬಿಡಿಸಿ ಹೇಳುತ್ತಿದ್ದದ್ದು ಇಂಗ್ಲಿಷಿನಲ್ಲಿ. ಕಿಟಕಿಯ ತನಕ ಎರಡೂ ಸರಿಯಾಗಿ ಬರುತ್ತಿರಲಿಲ್ಲ. ಬಂದಿದ್ದರೂ ಇವನಿಗೆ ತಿಳಿಯುತ್ತಿರಲಿಲ್ಲ ಎನ್ನಿ. ಆದ್ದರಿಂದ ಹೆಸರುಗಳನ್ನು ತಾನೇ ಇಟ್ಟ. ಮುಂದೆ ಬಗ್ಗಿ ಎರಡೂ ಕೈ ನೆಲಕ್ಕೆ ಊರಿದರೆ ರೊಟ್ಟಿ ಬಡಿಯುವ ಆಸನ. ಮಲಗಿ ಕಾಲುಗಳನ್ನು ತಲೆಯ ಹಿಂದೆ ಒಗೆದರೆ ನೊಗದ ಆಸನ. ಹೊಟ್ಟೆಯ ಮೇಲೆ ಮಲಗಿ ಕತ್ತು ಮೇಲೆತ್ತಿದರೆ ಎಮ್ಮೆ ನೀರಿಗಿಳಿದ ಆಸನ. ಒಂದು ಮಾತ್ರ ನಿಜ. ನಮ್ಮ ಕಡೆಯ ಜನಕ್ಕೆ ಈ ಹೆಸರುಗಳು ಹೇಳಿದ ಕೂಡಲೇ ತಿಳಿದವು. ಎಮ್ಮೆ ನೀರಿಗಿಳಿದದ್ದನ್ನು ಕಾಣದವರು ಯಾರಿದ್ದಾರೆ?

ನನಗೆ ಆ ದಿನಗಳಲ್ಲಿ ಇದೆಲ್ಲ ವಿಚಿತ್ರ ಎನಿಸುತ್ತಿತ್ತು, ಹಾಗೆಯೇ ಕೇಳುವ ಆಸೆಯೂ ಇತ್ತು. ಅವ್ವನ ಕಾರ್ಯದ ನಂತರ ಕೆಲವು ದಿನ ತವರಲ್ಲಿದ್ದೆ. ಅಣ್ಣ ಊರ ಮುಂದಿನ ಹೊಳೆಯನ್ನೇ ದಿಟ್ಟಿಸುತ್ತ ಕೂಡುತ್ತಿದ್ದ. ನಮ್ಮೂರ ಮುಂದೆ ಕೃಷ್ಣಾ ಹೊಳೆ ಎರಡಾಗಿ ಒಡೆದು ಮತ್ತೆ ಕೂಡುತ್ತದೆ. ನಡುವೆ ಒಂದು ನಡುಗಡ್ಡೆ. ಜಾಲಿ ಕಂಟಿ, ಒಂದು ದೊಡ್ಡ ಹುಣಸೆ ಗಿಡ, ಬೇಸಿಗೆಯಲ್ಲಿ ನೀರು ಇಳಿದಾಗ ಮೇಯಲು ಹೋಗುವ ಆಡುಗಳು. ಅಲ್ಲಿ ಅಷ್ಟೇ ಇದ್ದದ್ದು.

"ತಂಗೀ, ನಾ ಅಲ್ಲಿರ್ತೇನಿ," ಎಂದ ಒಂದು ದಿನ. "ಯೋಗಾ ಕಲಸ್ತೇನಿ."

"ಅಲ್ಲೋ ಅಣ್ಣಾ, ಅದಕ್ಕ ನಡುಗಡ್ಡಿನ ಯಾಕ ಬೇಕು? ಮನಿ ಮುಂದ ಅಂಗಳ ಸಾಲೂದಿಲ್ಲೇನು?"

"ದಂಡಿ ಮ್ಯಾಲ ಕುಂತ್ರ ಯಾರರೆ ಕರೀತಾರ. ಎಮ್ಮಿ ಕಳದೈತಿ ಬಾ, ಬೀಗರು ಬಂದಾರ ಬಾ, ಚಾ ಆರತೈತಿ ಬಾ. ನಡುವ ನೀರಿದ್ರ ಕರಿಯೂ ಮಂದಿ ಎರಡು ಸಲ ವಿಚಾರ ಮಾಡ್ತಾರ ನೋಡು."

ಈಗ ನನ್ನ ಮೊಮ್ಮಗಳು ಹೇಳುತ್ತಾಳೆ, ಜನ ವಿಮಾನ ಹತ್ತಿ ಯಾವುಯಾವುದೋ ದ್ವೀಪಗಳಿಗೆ ಯೋಗ ಮಾಡಲು ಹೋಗುತ್ತಾರಂತೆ. ಯಾಕೆ ಹೋಗುತ್ತಾರೆಂದು ಅವಳಿಗೆ ಗೊತ್ತಿಲ್ಲ, ನನಗೆ ಗೊತ್ತಿದೆ. ಚಾ ಆರುತ್ತದೆ ಬಾ ಎಂದು ಕರೆಯುವವರ ಕೈಗೆ ಸಿಗದಿರಲು!

ಅಣ್ಣ ತನ್ನ ಪಾಲಿನ ಹೊಲವನ್ನು ಕಾಕಾನ ಮಕ್ಕಳಿಗೆ ಮಾಡಲು ಕೊಟ್ಟು ನಡುಗಡ್ಡೆ ಸೇರಿದ. ಬೇಸಿಗೆಯಲ್ಲಿ ಮೊಣಕಾಲು ನೀರಲ್ಲಿ ನಡೆದು, ಮಳೆಗಾಲದಲ್ಲಿ ಹರಗೋಲಿನಲ್ಲಿ ಕುಳಿತು ಅಲ್ಲಿಗೆ ಹೋಗಬೇಕು. ಹೊಳೆ ತುಂಬಿದಾಗಲೂ ನಡುವಿನ ದಿಬ್ಬ ಮುಳುಗುತ್ತಿರಲಿಲ್ಲ. ದಿಬ್ಬದ ಮೇಲೆ ಗುಡಿಸಲು ಹಾಕಿದ. ಆದರೆ ಅವನಿಗೆ ಒಂದೇ ಕೊರತೆ. ತೆಂಗಿನ ಗಿಡ ಇಲ್ಲದ ನಡುಗಡ್ಡೆಯಲ್ಲಿ ಯೋಗ ಹತ್ತುವುದು ಹೇಗೆ? ಎಲ್ಲಿಂದಲೋ ತೆಂಗಿನ ಸಸಿ ತಂದು ಹಚ್ಚಿದ. ಮೊದಲ ಬೇಸಿಗೆಯಲ್ಲಿ ಅರ್ಧ ಸಸಿಗಳು ಒಣಗಿದವು, ಉಳಿದರ್ಧವನ್ನು ಆಡುಗಳು ತಿಂದವು. ಅಣ್ಣ ಎದೆಗುಂದಲಿಲ್ಲ. ದಂಡೆಯಲ್ಲಿದ್ದ ನಾಲ್ಕಾರು ಈಚಲು ಗಿಡಗಳನ್ನು ತೋರಿಸಿ, "ಕಣ್ಣು ಅರ್ಧಾ ಮುಚ್ಚಿ ನೋಡ್ರಿ, ತೆಂಗ ಕಾಣಸ್ತಾವು," ಎಂದು ಬಂದವರಿಗೆ ಹೇಳತೊಡಗಿದ. ಧ್ಯಾನದಲ್ಲಿ ಹೇಗೂ ಕಣ್ಣು ಅರ್ಧ ಮುಚ್ಚಬೇಕಲ್ಲ!

ಬಂದವರು ಯಾರು? ಅದೇ ನನಗೆ ಅಚ್ಚರಿ. ನಮ್ಮೂರವರು ಒಬ್ಬರೂ ಹೋಗಲಿಲ್ಲ, ಆದರೆ ದೂರದ ಊರುಗಳಿಂದ ಜನ ಹೋದರು. ಸಿಂದಗಿಯಿಂದ ಹೋದರು, ದೇವರ ಹಿಪ್ಪರಗಿಯಿಂದ ಹೋದರು. ಎಲ್ಲರಿಗಿಂತ ದೊಡ್ಡ ಶಿಷ್ಯರೆಂದರೆ ಇಂಡಿ ಕಡೆಯ ನಿಂಬೆ ತೋಟದ ಸಾಹುಕಾರರು. ಅವರ ಸಿಟ್ಟು ಎಂಥದೆಂದರೆ, ಅವರು ಬೈಯುವಾಗ ಗಿಡದಲ್ಲಿದ್ದ ನಿಂಬೆಕಾಯಿ ಇನ್ನಷ್ಟು ಹುಳಿಯಾಗುತ್ತಿದ್ದವಂತೆ. ಎದೆನೋವು ಬಂದು, ಡಾಕ್ಟರು 'ಸುಮ್ಮನೆ ಇರುವುದನ್ನು ಕಲಿಯಿರಿ' ಎಂದರಂತೆ. ಸುಮ್ಮನಿರುವುದನ್ನು ಕಲಿಸುವವರು ಯಾರು? ಯಾರೋ ನಮ್ಮಣ್ಣನ ಹೆಸರು ಹೇಳಿದರು. ಅವರು ಹೋದ ಮೊದಲ ದಿನ ಅಣ್ಣ, "ಅಂಗಾತ ಮಲಗ್ರಿ, ಹೆಣಧಾಂಗ ಬೀಳ್ರಿ," ಎಂದ. ಸಾಹುಕಾರರು ಮಲಗಿದರು. ಉಳಿದವರು ಎದ್ದರು, ಊಟ ಮಾಡಿದರು, ಬಟ್ಟೆ ಒಗೆದರು. ಇವರು ಏಳಲಿಲ್ಲ. ಶಿಷ್ಯರೆಲ್ಲ ಸಮಾಧಿ ಹತ್ತಿದೆ ಎಂದು ಕೈ ಮುಗಿದು ಸುತ್ತ ಕುಳಿತರು. ಸ್ವಲ್ಪ ಹೊತ್ತಿಗೆ ಸಮಾಧಿಯೊಳಗಿಂದ ಗೊರಕೆ ಕೇಳಿಸಿತು! ಸಂಜೆಗೆ ಎದ್ದ ಸಾಹುಕಾರರು ಕಣ್ಣಲ್ಲಿ ನೀರು ತುಂಬಿಕೊಂಡು, "ಲಗ್ನಾದ ಮ್ಯಾಲ ಹಿಂಗ ನಿದ್ದಿ ಬಂದಿದ್ದಿಲ್ರಿ ಗುರುಗಳ," ಎಂದರಂತೆ.

ಇದನ್ನೆಲ್ಲ ನಾನು ಕಣ್ಣಾರೆ ಕಂಡದ್ದಲ್ಲ. ಮನಗೂಳಿ ಸಂತೆಯಲ್ಲಿ ಕೇಳಿದ್ದು. ಇಂಡಿಯಿಂದ ನಿಂಬೆಕಾಯಿ ತಂದು ಮಾರುವ ಹೆಂಗಸೊಬ್ಬಳು ಅಲ್ಲಿ ಕೂಡುತ್ತಿದ್ದಳು. ಬೇಕಿರಲಿ ಬಿಡಲಿ, ನಾನು ಅವಳ ಮುಂದೆ ಹೋಗಿ ನಿಲ್ಲುತ್ತಿದ್ದೆ. ನಿಂಬೆಕಾಯಿ ಒತ್ತಿ ನೋಡುತ್ತ, ಏನೂ ಗೊತ್ತಿಲ್ಲದವಳ ಹಾಗೆ ಕೇಳುತ್ತಿದ್ದೆ.

"ಹೊಳ್ಯಾಗ ಯಾವನೋ ಹುಚ್ಚ ಕುಂತಾನಂತಲ್ಲವಾ, ಈಗೇನ ಮಾಡಾಕತ್ತಾನ?"

"ಹುಚ್ಚ ಯಾಕವಾ, ಶಾಣ್ಯಾ ಅದಾನ. ಅಲ್ಲಿಗಿ ಹೋಗಿ ಬಂದ ಮ್ಯಾಲ ನಮ್ಮ ಸಾಹುಕಾರ ನಮಗ ಬೈಯೂದ ಬಿಟ್ಟಾನ. ಬೈಗಳ ಇಲ್ಲದ ಕೆಲಸಾ ಮಾಡಾಕ ನಮಗ ಬ್ಯಾಸರಾ ಆಗೇತಿ!" ನಕ್ಕು, ನನ್ನ ಮುಖವನ್ನೇ ನೋಡಿದಳು. "ಹಂಗ್ಯಾಕ ಕೇಳ್ತಿ? ನಿನಗೇನಾಗಬೇಕು ಅಂವ?"

ನಾನು ಕೈಯಲ್ಲಿದ್ದ ನಿಂಬೆಕಾಯಿಯನ್ನು ಬುಟ್ಟಿಗೆ ಹಾಕಿದೆ. "ನನಗ್ಯಾರೂ ಅಲ್ಲ ಬಿಡು."

ಹೇಳಿದ್ದೆನಲ್ಲ, ಬೈಯಲು ಒಳ್ಳೆಯ ಜಾಗ ಬರುತ್ತದೆ ಎಂದು. ಇನ್ನೂ ಇದೆ, ತಡೆಯಿರಿ.

ನನ್ನ ಸಂಕಟವನ್ನೂ ಕೇಳಿ. ಹೊಸ ಸೊಸೆ ನಾನು. ಮಸೂತಿಯ ಬಾವಿಕಟ್ಟೆಯಲ್ಲಿ ಕೊಡ ಇಟ್ಟರೆ ಸಾಕು, "ಯವ್ವಾ, ನಿಮ್ಮಣ್ಣ ನೀರಿನ ನಡುವ ತಲಿ ಕೆಳಗ ಮಾಡಿ ನಿಂದರ್ತಾನಂತ, ಖರೇನ? ಮೀನಾ ಹಿಡ್ಯಾಕೇನ?" ಎಂದು ಒಬ್ಬಳು. "ನಿಮ್ಮ ಮನಿತನದಾಗ ಎಲ್ಲಾರಿಗೂ ಹಂಗ ಐತೇನ?" ಎಂದು ಇನ್ನೊಬ್ಬಳು. ಉಳಿದವರ ಅಣ್ಣಂದಿರು ಎತ್ತು ಸಾಕಿದ್ದರು, ಬಾವಿ ತೋಡಿಸಿದ್ದರು, ಒಬ್ಬಳ ಅಣ್ಣನಂತೂ ಬಸ್ಸಿನ ಕಂಡಕ್ಟರ್ ಆಗಿದ್ದ! ನನ್ನ ಅಣ್ಣ ಏನು? ಎಮ್ಮೆ ನೀರಿಗಿಳಿದ ಆಸನ.

ಆದರೂ ಮನಸ್ಸಿನಲ್ಲಿ ಒಂದು ಹುಳ. ಅದರಲ್ಲಿ ಏನಿದೆ? ಸಾಹುಕಾರರ ಸಿಟ್ಟು ಹೋದದ್ದು ಎಲ್ಲಿಗೆ? ಒಂದು ದಿನ ಮನೆಯಲ್ಲಿ ಯಾರೂ ಇಲ್ಲದಾಗ ದನದ ಕೊಟ್ಟಿಗೆಗೆ ಹೋಗಿ, ಕಚ್ಚೆ ಹಾಕಿ, ಮೇವಿನ ಕಣಕಿಯ ಮೇಲೆ ಮಲಗಿ ನೊಗದ ಆಸನ ಮಾಡಿದೆ. ಕಾಲು ತಲೆಯ ಹಿಂದೆ ಹೋದವು. ಬಹಳ ಸುಲಭ! ಆದರೆ ವಾಪಸು ತರುವುದು ಹೇಗೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಎಮ್ಮೆ ಮೇವು ಬಿಟ್ಟು ನನ್ನನ್ನೇ ನೋಡತೊಡಗಿತು. ಅಷ್ಟರಲ್ಲಿ ಅತ್ತೆ ಬಂದರು.

"ಅಯ್ಯ ನನ್ನ ಶಿವನ! ಯಾವ ದೆವ್ವ ಹೊಕ್ಕೊಂಡೈತಿ ನನ್ನ ಸೊಸಿಗಿ!"

ಉಪ್ಪು, ಮೆಣಸಿನಕಾಯಿ ತಂದು ಮೂರು ಸುತ್ತು ನಿವಾಳಿಸಿ ಒಲೆಗೆ ಹಾಕಿದರು. ಆ ಘಾಟಿಗೆ ಕೆಮ್ಮು ಬಂದು, ಕೆಮ್ಮಿದ ರಭಸಕ್ಕೆ ನನ್ನ ಕಾಲು ತಾವೇ ಬಿಚ್ಚಿಕೊಂಡವು. ದೆವ್ವ ಬಿಟ್ಟಿತೆಂದು ಅತ್ತೆ ಓಣಿಗೆಲ್ಲ ಹೇಳಿದರು. ಯೋಗ ಎಂದು ಹೇಳುವುದಕ್ಕಿಂತ ದೆವ್ವ ಎನ್ನಿಸಿಕೊಳ್ಳುವುದೇ ಮೇಲೆಂದು ನಾನೂ ಸುಮ್ಮನಾದೆ.

ಇಂಥದರಲ್ಲಿ ಪಂಚಮಿ ಬಂತು.

ನಮ್ಮ ಕಡೆ ಪಂಚಮಿಗೆ ಅಣ್ಣತಮ್ಮಂದಿರು ಕೆಲವು ದಿನ ಮುಂಚೆಯೇ ಬಂದು ತಂಗಿಯರನ್ನು ತವರಿಗೆ ಕರೆದೊಯ್ಯಬೇಕು. ಓಣಿಯ ಸೊಸೆಯಂದಿರೆಲ್ಲ ಹೋಗಿಯಾಗಿತ್ತು. ನನಗೆ ಯಾರೂ ಬರಲಿಲ್ಲ. ನಿಜ ಹೇಳುತ್ತೇನೆ, ನನಗೆ ನೆಮ್ಮದಿಯಾಗಿತ್ತು. ಆದರೆ ಹಬ್ಬದ ದಿನವೇ ಮುಂಜಾನೆ, ಓಣಿಯ ತುದಿಯಲ್ಲಿ ಹುಡುಗರ ಕೂಗು ಕೇಳಿಸಿತು. ಮಾಳಿಗೆಯ ಮೇಲೆ ಹಾಸಿದ್ದ ಕಾಳನ್ನು ಬಳಿಯುತ್ತಿದ್ದೆ, ಬಗ್ಗಿ ನೋಡಿದೆ. ಅದೇ ಗಡ್ಡ, ಅದೇ ಚಣ್ಣ, ಹೆಗಲ ಮೇಲೆ ಗಂಟು, ಹಿಂದೆ ಊರ ಹುಡುಗರ ದಂಡು! ದ್ವೀಪದಲ್ಲಿದ್ದವನಿಗೆ ಪಂಚಾಂಗ ಎಲ್ಲಿಯದು, ಹಬ್ಬದ ದಿನವೇ ಬಂದುಬಿಟ್ಟಿದ್ದ.

ಹುಡುಗರಲ್ಲಿ ಒಬ್ಬ ಆಗಲೇ ನಮ್ಮ ಬಾಗಿಲ ಮುಂದೆ ತಲೆ ಕೆಳಗೆ ಮಾಡಿ ನಿಲ್ಲಲು ನೋಡುತ್ತಿದ್ದ. ಎದುರು ಮನೆಯವರು, ಪಕ್ಕದ ಮನೆಯವರು ಎಲ್ಲ ಹೊರಗೆ ಬಂದರು. ನನಗೆ ಭೂಮಿ ಬಾಯಿ ತೆರೆಯಬಾರದೇ ಎನಿಸಿತು. ಮಾಳಿಗೆಯ ಮೇಲಿದ್ದವಳಿಗೆ ಭೂಮಿ ಬಾಯಿ ತೆರೆದರೂ ಏನು ಉಪಯೋಗ? ಬೆಳಕಿಂಡಿಯ ಹತ್ತಿರ ಹೋಗಿ, ಒಳಗಿದ್ದ ಅತ್ತೆಗೆ ಪಿಸುಗುಟ್ಟಿದೆ. ಬೆಳಕಿಂಡಿ ಎಂದರೆ ಮಣ್ಣಿನ ಮಾಳಿಗೆಯಲ್ಲಿ ಬೆಳಕಿಗಾಗಿ ಬಿಟ್ಟ ತೂತು, ನಮ್ಮದು ಪಡಸಾಲೆಯ ನಡುಮಧ್ಯದಲ್ಲಿತ್ತು.

"ಅತ್ತೀ, ನಮ್ಮಣ್ಣ ಬಂದಾನ. ನಾ ಇಲ್ಲ ಅಂತ ಹೇಳ್ರಿ. ಹೊಲಕ್ಕ ಹೋಗ್ಯಾಳ ಅನ್ರಿ!"

ಅತ್ತೆ ಮೇಲೆ ನೋಡಿ ಬಾಯಿ ತೆರೆಯುವುದರೊಳಗೆ ಅಣ್ಣ ಹೊಸ್ತಿಲು ದಾಟಿದ್ದ.

"ಬರ್ರಿ ಬೀಗರ," ಎಂದರು ಅತ್ತೆ ಗಾಬರಿಯಲ್ಲಿ. "ಅದು... ನಿಮ್ಮ ತಂಗಿ ಹೊಲಕ್ಕ ಹೋಗ್ಯಾಳ್ರಿ."

ಈಗ ನಿಮಗೆ ನನ್ನ ಜಾಣತನ ತಿಳಿದಿರಬೇಕು. ಪಂಚಮಿಯ ದಿನ ನಾಗಪ್ಪನಿಗೆ ನೋವಾಗುತ್ತದೆಂದು ನಮ್ಮಲ್ಲಿ ಯಾರೂ ನೆಲಕ್ಕೆ ಗುದ್ದಲಿ ಹಚ್ಚುವುದಿಲ್ಲ, ಕುಂಟೆ ಹೂಡುವುದಿಲ್ಲ. ಹೊಲದ ಕಡೆ ಯಾರೂ ಹಾಯುವುದಿಲ್ಲ. ವರ್ಷದಲ್ಲಿ ಒಂದೇ ಒಂದು ದಿನ ಆ ಸುಳ್ಳು ನಡೆಯುವಂತಿಲ್ಲ. ನಾನು ಆರಿಸಿಕೊಂಡದ್ದು ಅದೇ ದಿನ! ಒಕ್ಕಲಿಗನ ಮಗನಿಗೆ ಇದು ತಿಳಿಯದೇ ಇರುತ್ತದೆಯೇ?

"ಹೌದ್ರ್ಯಾ?" ಎಂದ ಅಣ್ಣ. ಹೆಗಲ ಮೇಲಿನ ಗಂಟು ಇಳಿಸಿ, "ಆತ್ರಿ. ಬರೂತನಕ ಕುಂದರ್ತೇನಿ."

ಕೂಡಲಿಲ್ಲ. ಪಡಸಾಲೆಯಲ್ಲಿ ಚಾಪೆ ಹಾಸಿ, ಬೆಳಕಿಂಡಿಯ ನೇರ ಕೆಳಗೆ ಅಂಗಾತ ಮಲಗಿಬಿಟ್ಟ! ನಾನು ಮೇಲೆ, ಅವನು ಕೆಳಗೆ, ನಡುವೆ ಒಂದು ತೂತು. ಮೆಲ್ಲಗೆ ಹಿಂದೆ ಸರಿದು ಕುಳಿತೆ. ಇಬ್ಬರ ಮಾತೂ ಸ್ಪಷ್ಟವಾಗಿ ಕೇಳಿಸುತ್ತಿತ್ತು.

"ಅಲ್ರೀ ಬೀಗರ," ಎಂದರು ಅತ್ತೆ. ಅವರಿಗೂ ಒಳಗೊಳಗೆ ಕುತೂಹಲ ಇದ್ದೇ ಇತ್ತು. "ಈ ಯೋಗಾ ಮಾಡಿದ್ರ ಏನ ಸಿಗತೈತಿ?"

"ಏನೂ ಸಿಗೂದಿಲ್ರಿ ಯವ್ವಾ. ಒಳಗಿದ್ದ ಭಾರ ಒಂದೀಟು ಹಗರ ಆಗತೈತಿ, ಅಷ್ಟ."

"ಸ್ವರ್ಗ ಸಿಗೂದಿಲ್ಲೇನು?"

"ನಾ ಅಡಗಿ ಮಾಡಾಂವ್ರಿ. ಸ್ವರ್ಗದ್ದು ನನಗ ಗೊತ್ತಿಲ್ಲ. ಹಸಿವಿ ಆದಾಗ ಉಣ್ಣಾಕ, ನಿದ್ದಿ ಬಂದಾಗ ಮಲಗಾಕ ಬಂದ್ರ ಸಾಕು ಅಂತೇನಿ. ಮಂದಿಗಿ ಅದ ಬರಾಕತ್ತಿಲ್ಲ."

ನಾನು ಮೇಲೆ ಕುಳಿತು ಅದನ್ನೇ ನೆನೆಯುತ್ತಿದ್ದೆ. ಅಷ್ಟರಲ್ಲಿ ಶ್ರಾವಣದ ಜಿಟಿಜಿಟಿ ಮಳೆ ಶುರುವಾಯಿತು. ಮೊದಲು ಹನಿ, ಆಮೇಲೆ ಜೋರು. ಸೆರಗು ತಲೆಗೆ ಹಾಕಿಕೊಂಡು ಮುದುಡಿ ಕುಳಿತೆ. ಮಳೆ ಬಂದಾಗ ಬೆಳಕಿಂಡಿಯ ಮೇಲೆ ಹಳೆಯ ಬೋಗುಣಿ ಬೋರಲು ಹಾಕುವುದು ನಮ್ಮ ಮನೆಯ ರೂಢಿ, ಅದು ನನ್ನ ಕೆಲಸ. ಪಡಸಾಲೆಯೊಳಗೆ ಹನಿ ಬಿದ್ದ ಕೂಡಲೇ, ಅತ್ತೆ ದಿನದ ರೂಢಿಯಂತೆ ಕೂಗಿದರು.

"ಏ ಸೊಸೀ, ಬೆಳಕಿಂಡಿ ಮುಚ್ಚ!"

ನಾನೂ ದಿನದ ರೂಢಿಯಂತೆ, "ಹ್ಞೂಂ ಅತ್ತೀ," ಎಂದು ಬೋಗುಣಿ ತಂದು ಮುಚ್ಚಿದೆ!

ಮುಚ್ಚಿದ ಮೇಲೆ ನಾನು ಏನು ಮಾಡಿದೆ ಎಂಬುದು ತಿಳಿಯಿತು. ಕೆಳಗೂ ತಿಳಿದಿರಬೇಕು, ಮಾತೇ ನಿಂತುಹೋಯಿತು. ಹೊಲದಲ್ಲಿದ್ದ ಸೊಸೆ ಮಾಳಿಗೆಯ ಮೇಲಿನಿಂದ ಓಗೊಟ್ಟಿದ್ದಳು! ಅಣ್ಣ ನಗುತ್ತಾನೆ, ಇಲ್ಲವೇ ಬೈಯುತ್ತಾನೆ ಅಂದುಕೊಂಡೆ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು!

ಚಾಪೆ ಸುತ್ತುವ ಸದ್ದಾಯಿತು.

"ನಾ ಬರ್ತೇನ್ರಿ ಯವ್ವಾ. ಮಳಿ ಹತ್ತೇತಿ. ನಾ ಇಲ್ಲೇ ಕುಂತ್ರ ಹೊಲದಾಗಿದ್ದಾಕಿ ಸುಮ್ಮನ ತೊಯ್ಸಿಕೋತಾಳ. ಆಕಿಗಿ ಲಗೂನ ಮನ್ಯಾಗ ಬಾ ಅನ್ರಿ."

ಅವನು ಓಣಿಯ ತುದಿ ದಾಟುವ ತನಕ ನಾನು ಏಳಲಿಲ್ಲ. ಛತ್ರಿ ಇಲ್ಲ, ಕಂಬಳಿ ಇಲ್ಲ, ಸುತ್ತಿದ ಚಾಪೆಯನ್ನೇ ತಲೆಯ ಮೇಲೆ ಹಿಡಿದಿದ್ದ. ಕೆಳಗಿಳಿದು ಬಂದಾಗ ಪಡಸಾಲೆಯಲ್ಲಿ ಗಂಟು ಇತ್ತು. ಒಂದು ಇಳಕಲ್ ಸೀರೆ, ಕುಬಸದ ಕಣ, ಕೊಬ್ಬರಿಯ ಉಂಡಿ. ಅತ್ತೆಯ ಮುಖ ನೋಡಿದರೆ, ಮತ್ತೆ ಉಪ್ಪು ಮೆಣಸಿನಕಾಯಿ ನಿವಾಳಿಸಬೇಕೇನೋ ಎನ್ನುವಂತಿತ್ತು. ಉಂಡಿ ಬಾಯಿಗೆ ಹಾಕಿಕೊಂಡೆ. ಚೆನ್ನಾಗಿತ್ತು ನೋಡಿ. ಅದಕ್ಕೇ ನುಂಗಲಾಗಲಿಲ್ಲ.

ಮನುಷ್ಯರ ಮನಸ್ಸು ಎಂಥ ವಕೀಲ ನೋಡಿ! ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಓಗೊಟ್ಟವಳು ಬೇರೆ ಯಾರೋ ಸೊಸೆ ಇರಬಹುದೆಂದು ಅಣ್ಣ ತಿಳಿದಿರಬೇಕು. ಮಳೆಯ ಸದ್ದಿನಲ್ಲಿ ಕೇಳಿಸಿರಲಿಕ್ಕಿಲ್ಲ. ಮುಂದಿನ ಪಂಚಮಿಗೆ ಬಂದರೆ ಓಡಿ ಹೋಗಿ ಕಾಲಿಗೆ ನೀರು ಕೊಡುತ್ತೇನೆ. ಮುಂದಿನ ಪಂಚಮಿ ಬಂತು, ಅಣ್ಣ ಬರಲಿಲ್ಲ. ಅದರ ಮುಂದಿನದೂ ಬಂತು. ಬಾಗಿಲಲ್ಲಿ ನಿಂತು ದಾರಿ ನೋಡುವ ತಂಗಿಯರ ಸಾಲಿಗೆ ನಾನೂ ಸೇರಿದೆ. ಬೀಸುವಾಗ ಆ ಹಾಡು ಹಾಡಲು ಮಾತ್ರ ಬಾಯಿ ಬರುತ್ತಿರಲಿಲ್ಲ. ಯಾವ ಬಾಯಿಂದ ಹಾಡುವುದು?

ಅದರ ಮರುವರ್ಷ ಪಂಚಮಿಗೆ ಇನ್ನೂ ಕೆಲವು ದಿನವಿರುವಾಗ, ನಮ್ಮ ಬಾಗಿಲಿಗೆ ಒಬ್ಬ ದೊಡ್ಡ ಮನುಷ್ಯರು ಬಂದರು. ಕೈಯಲ್ಲಿ ನಿಂಬೆಕಾಯಿ ತುಂಬಿದ ಚೀಲ.

"ನಾ ಇಂಡಿ ಕಡ್ಯಾಂವ್ರಿ ತಂಗೀ. ನಿಮ್ಮಣ್ಣಾರ ಶಿಷ್ಯ. ನಡುಗಡ್ಡಿಗಿ ಹೊಂಟಿದ್ದೆ. ದಾರ್ಯಾಗ ನಿಮ್ಮೂರು ಬಂತು, ಮಾತಾಡಿಸಿ ಹೋದ್ರಾತು ಅಂತ ಬಂದೆ."

ಸಿಟ್ಟಿನ ಸಾಹುಕಾರರು ಇವರೇ! ನಾನು ಅವರನ್ನು ಮೇಲಿಂದ ಕೆಳಗೆ ನೋಡಿದೆ. ಎಲ್ಲಿಯೂ ಸಿಟ್ಟು ಕಾಣಲಿಲ್ಲ. ಚಾ ಕುಡಿಯುತ್ತ ಹೇಳಿದರು.

"ನಿಮ್ಮಣ್ಣಾರು ಭಾಳ ಶಾಂತ ಮನಶ್ಯಾರ್ರಿ. ಒಂದ ಸಲ ಮಾತ್ರ ನನಗ ಸಿಟ್ಟ ಮಾಡ್ಯಾರ. ಪಂಚಮಿಗಿ ಹುಣಚಿಗಿಡಕ್ಕ ಜೋಕಾಲಿ ಕಟ್ತಾರ್ರಿ. ವರ್ಷಾ ಕಟ್ತಾರ. ಅಲ್ಲಿರೂ ಗಡ್ಡದ ಮಂದಿಗಿ ಜೋಕಾಲಿ ಯಾಕ ಅಂತ ನನಗೂ ತಿಳೀಲಿಲ್ಲ. ಕಟ್ಯಾರ ಅಂದ ಮ್ಯಾಲ ಆಡಾಕ ಇರಬೇಕು ಅಂತ ಸಂಜೀಮುಂದ ಹೋಗಿ ಕುಂತೆ. 'ಏಳ್ರಿ ಮ್ಯಾಲ!' ಅಂದ್ರು. ಎದ್ದೆ. 'ಅದು ನಮ್ಮ ತಂಗೀದು. ಆಕಿ ಹೊಲಕ್ಕ ಹೋಗ್ಯಾಳ, ಬರ್ತಾಳ,' ಅಂದ್ರು."

ಸಾಹುಕಾರರು ಬಸಿಯಲ್ಲಿ ಚಾ ಹೊಯ್ದುಕೊಂಡರು, ನಿಜವಾಗಿ ತಿಳಿಯದವರ ಹಾಗೆ ನನ್ನನ್ನು ಕೇಳಿದರು. "ಅಲ್ರಿ ತಂಗೀ, ಹ್ವಾದ ವರ್ಷಾನೂ ಅದ ಅಂದ್ರು. ಅದ್ಯಾವ ಹೊಲಾರಿ ಅದು, ಎಷ್ಟ ದುಡದ್ರೂ ಮುಗೀಲಾರದ್ದು?"

ನಾನು ಒಳಗೆ ಹೋದೆ. ಕಣ್ಣೀರಿಗೆ ಒಲೆಯ ಹೊಗೆ ಕಾರಣ ಎಂದು ಹೇಳಲು, ಚಾ ಕಾಸಿದ ಒಲೆಯೂ ಆಗಲೇ ಆರಿತ್ತು.

ಸಾಹುಕಾರರು ಹೋದ ಮೇಲೆ ಅತ್ತೆಯ ಮುಂದೆ ಕುಳಿತೆ. "ಅತ್ತೀ, ಕರೀಲಾರದ ತವರಿಗಿ ಹೋಗಬಾರದು ಅಂತಾರ. ನಾ ಹೋಗ್ಲ್ಯಾ?"

ಅತ್ತೆ ರೊಟ್ಟಿಯ ಬುಟ್ಟಿ ಇಳಿಸುತ್ತ ಹೇಳಿದರು. "ಅಂವ ಕರದಾನಲ್ಲ. ನೀ ಓ ಅನ್ನೂದು ಉಳದೈತಿ, ಅಷ್ಟ. ಎದ್ದು ಬುತ್ತಿ ಕಟ್ಟು."

ಪಂಚಮಿಯ ದಿನ ಮುಂಜಾನೆ ನಮ್ಮ ಮನೆಯವರು ನನ್ನನ್ನು ಹೊಳೆಯ ದಂಡೆಯ ತನಕ ಕರೆತಂದರು. ಹೊಳೆ ತುಂಬಿ ಕೆಂಪಾಗಿ ಹರಿಯುತ್ತಿತ್ತು. ಅದನ್ನು ಒಮ್ಮೆ ನೋಡಿ, ಹರಗೋಲನ್ನು ಒಮ್ಮೆ ನೋಡಿ, "ನಾ ದಂಡಿ ಮ್ಯಾಲ ಇರ್ತೇನಿ. ನಿನ್ನ ತವರು, ನೀನ ಹೋಗು," ಎಂದು ಕಲ್ಲಿನ ಮೇಲೆ ಕುಳಿತುಬಿಟ್ಟರು. ಹರಗೋಲು ನೀರಿಗಿಳಿದ ಕೂಡಲೇ ಬೀಸುಕಲ್ಲಿನಂತೆ ಗರಗರ ತಿರುಗಿತು. ನಾನು ಕಣ್ಣು ಮುಚ್ಚಿ ಗೊತ್ತಿದ್ದ ದೇವರನ್ನೆಲ್ಲ ಕರೆದೆ.

"ಅಂಜಬ್ಯಾಡ ಯವ್ವಾ," ಎಂದ ಅಂಬಿಗರ ಮುದುಕ. "ಅಂಜಿದವರ ಭಾರ ಜಾಸ್ತಿ ಆಗತೈತಿ, ಹುಟ್ಟ ಹಾಕಾಕ ನನಗ ತ್ರಾಸ."

ನಡುಗಡ್ಡೆಗೆ ಕಾಲಿಟ್ಟೆ. ಇಷ್ಟು ವರ್ಷ ಸಂತೆಯ ಮಾತಿನಲ್ಲಿ ಕಂಡ ಜಾಗ! ಗುಡಿಸಲ ಮುಂದೆ ನಾಲ್ಕಾರು ಜನ ಸಾಲಾಗಿ ಕುಳಿತಿದ್ದರು, ಇಂಡಿಯ ಸಾಹುಕಾರರೂ ಇದ್ದರು. ಒಬ್ಬರ ಬಾಯಲ್ಲೂ ಮಾತಿಲ್ಲ. ಹಬ್ಬದ ದಿನ ಸಂಜೆಯ ತನಕ ಅಲ್ಲಿ ಎಲ್ಲರಿಗೂ ಮೌನವಂತೆ, ಅಂಬಿಗ ದಾರಿಯಲ್ಲೇ ಹೇಳಿದ್ದ. ಅಣ್ಣ ಮೂರು ಕಲ್ಲಿನ ಒಲೆಯ ಮೇಲೆ ಗೋಧಿ ಹುಗ್ಗಿ ತಿರುವುತ್ತಿದ್ದ. ಗಡ್ಡದಲ್ಲಿ ಅಲ್ಲಲ್ಲಿ ಬಿಳಿ ಕಂಡಿತು. ತಲೆಯೆತ್ತಿ ನನ್ನನ್ನು ನೋಡಿದ. ಸೌಟು ನಿಂತಿತು. ಬಾಯಿ ತೆರೆದವನು ಮೌನ ನೆನಪಾಗಿ ಮುಚ್ಚಿಕೊಂಡ, ಎದ್ದು ಕೈ ಒರೆಸಿಕೊಂಡು, ಹುಣಸೆ ಗಿಡದ ಕಡೆ ಕೈ ತೋರಿಸಿದ. ಜೋಕಾಲಿ ಕಟ್ಟಿತ್ತು. ಹಲಗೆಯ ಮೇಲೆ ಮಡಿಸಿದ ಕೌದಿ ಹಾಸಿತ್ತು. ಹೋಗು, ಕೂಡು ಎಂದು ಸನ್ನೆ ಮಾಡಿದ. ನಡೆದದ್ದು ಏನೂ ಇಲ್ಲ, ನಾನು ಈಗಷ್ಟೇ ಹೊಲದಿಂದ ಬಂದೆ ಎನ್ನುವ ಹಾಗೆ.

ನಾನು ಕೂಡಲಿಲ್ಲ. "ಅಣ್ಣಾ," ಎಂದೆ.

ಕುಳಿತವರೆಲ್ಲ ಬೆಚ್ಚಿದರು. ಸಾಹುಕಾರರು ತುಟಿಯ ಮೇಲೆ ಬೆರಳಿಟ್ಟುಕೊಂಡು, ಇನ್ನೊಂದು ಕೈಯಿಂದ ನನ್ನನ್ನು ಸುಮ್ಮನಿರಿಸಲು ನೋಡಿದರು. ಕಣ್ಣು ಗುಡ್ಡೆ ಹೊರಬರುವ ಹಾಗೆ ಮಾಡಿದರು. ಪಾಪ, ಅವರ ಗುರುಗಳ ವ್ರತ! ಅಣ್ಣನೂ ಕೈ ಅಡ್ಡ ಆಡಿಸಿ, ಬೇಡ, ಏನೂ ಹೇಳಬೇಡ ಎಂದ. ನಾನು ಇನ್ನೂ ಜೋರಾಗಿ ಹೇಳಿದೆ. ಹೊಳೆಯ ಸದ್ದಿನ ಮೇಲೆ ಕೇಳಿಸಬೇಕಿತ್ತು, ಆಚೆ ದಂಡೆಯಲ್ಲಿ ಕುಳಿತ ನಮ್ಮ ಮನೆಯವರಿಗೂ ಕೇಳಿಸಿದರೆ ಕೇಳಿಸಲಿ.

"ಅಣ್ಣಾ, ನಾ ಅವತ್ತ ಹೊಲಕ್ಕ ಹೋಗಿದ್ದಿಲ್ಲ. ಮಾಳಿಗಿ ಮ್ಯಾಲಿದ್ದೆ. ಮಂದಿ ಮುಂದ ನಿನ್ನ ನಮ್ಮಣ್ಣ ಅನ್ನಾಕ ನನಗ ನಾಚಿಕಿ ಆಗಿತ್ತು. ಸಂತ್ಯಾಗೂ ಯಾರೂ ಅಲ್ಲ ಅಂದೇನಿ. ತಪ್ಪಾತಣ್ಣಾ, ಹೊಟ್ಟ್ಯಾಗ ಹಾಕ್ಕೊ."

ಸಂಜೆಯ ತನಕದ ಮೌನವನ್ನು ಅಲ್ಲೇ ಮುರಿದು ಅಣ್ಣ ಹೇಳಿದ, "ಆತು, ಕುಂದರ ಬಾ, ಹುಗ್ಗಿ ಆರತೈತಿ."